‘ಲೇಖಕರಿಗೆ ಸೂಚನೆ’ – ಒಂದು ವಿಮರ್ಶೆ

ವಿದ್ವತ್ಪತ್ರಿಕೆಗಳ ಹೊದಿಕೆಯ ಒಳಮೈಯಲ್ಲಿ ಸಣ್ಣಕ್ಷರಗಳಲ್ಲಿ ಅಚ್ಚಾಗುವ ‘ಲೇಖಕರಿಗೆ ಸೂಚನೆ’ಯನ್ನು ವಿಮರ್ಶೆಗೆ ತಕ್ಕ ವಸ್ತುವೆಂದು ಯಾರೂ ಎಣಿಸುವುದಿಲ್ಲ. ಈಚೆಗೆ ಅಂತಹ ಕೆಲವು ಪುಟಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದಾಗ, ಒಂದು ಪತ್ರಿಕೆಯ ಅಂತಃಕರಣ ಸಂಪಾದಕೀಯಕ್ಕಿಂತ ಇಲ್ಲಿಯೇ ಹೆಚ್ಚಾಗಿ ಬಯಲಾಗುತ್ತದೆಂದು ನಮಗೆ ತೋರಿತು. ಅಕ್ಷರದ ಗಾತ್ರ, ಸಾಲುಗಳ ಅಂತರ, ಪದಗಳ ಮಿತಿ, ಕೆಲವೆಡೆ ಶುಲ್ಕ – ಇವಕ್ಕೆ ದೊರೆತಿರುವ ಸ್ಥಳದ ಕಾಲುಪಾಲೂ, ಲೇಖಕನ ಮಾತನ್ನು ಓದುಗನು ಪರೀಕ್ಷಿಸಿ ನೋಡುವ ದಾರಿ ಯಾವುದು ಎಂಬುದಕ್ಕೆ ದೊರೆತಿಲ್ಲ.

ನಮ್ಮ ಉಂಡವಳ್ಳಿಯನ್ನೇ ತೆಗೆದುಕೊಳ್ಳೋಣ. ಈ ಹೆಸರನ್ನು ಬರಿದೇ ಬರೆದು ಕಳುಹಿಸಿದರೆ, ದೂರದ ನಗರದ ಸಂಪಾದಕರು ಗುಂಟೂರು ಸೀಮೆಯ ಗುಹಾಲಯಗಳ ಉಂಡವಳ್ಳಿಯೆಂದೇ ತಿಳಿದಾರು. ಅಲ್ಲಿಯೂ ಕೃಷ್ಣೆಯೇ ಹರಿಯುವುದರಿಂದ ಭ್ರಮೆಗೆ ಅವಕಾಶ ಇನ್ನೂ ಹೆಚ್ಚು! ಆಲಂಪುರ, ಗದ್ವಾಲಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದುವು. ಅನಂತರ ಮಹಬೂಬನಗರಕ್ಕೆ ಸೇರಿದುವು. 2016ರಿಂದ ಜೋಗುಳಾಂಬ ಗದ್ವಾಲ ಜಿಲ್ಲೆಯಲ್ಲಿವೆ. ಆಲಂಪುರದ ಒಂದೇ ಶಾಸನ ಮೂರು ಕಾಲದ ಬರಹಗಳಲ್ಲಿ ಮೂರು ಜಿಲ್ಲೆಗಳ ಹೆಸರು ಹೊತ್ತು ಬಂದರೆ, ತಿಳಿಯದವನು ಅದನ್ನು ಮೂರು ಶಾಸನವೆಂದೇ ಎಣಿಸಿಬಿಡಬಹುದು. ಊರಿನೊಂದಿಗೆ ಹಳೆಯ ಜಿಲ್ಲೆಯನ್ನೂ ಈಗಿನ ಜಿಲ್ಲೆಯನ್ನೂ ಬರೆಯಿರೆಂಬ ಒಂದು ಸಾಲು ಗಡಿನಾಡಿನ ಲೇಖಕನಿಗೆ ಎಷ್ಟು ಅವಶ್ಯ! ನಾವು ಓದಿದ ಯಾವ ಸೂಚನೆಯಲ್ಲಿಯೂ ಅದು ಕಾಣಲಿಲ್ಲ.

ಇದಕ್ಕೆ ಮಾದರಿಯನ್ನು ಹೊರಗೆ ಹುಡುಕಬೇಕಾಗಿಲ್ಲ. ಬಾದಾಮಿ ಚಾಲುಕ್ಯರ ಒಂದನೆಯ ವಿಕ್ರಮಾದಿತ್ಯನ ಕ್ರಿ.ಶ. 674ರ ಗದ್ವಾಲ ತಾಮ್ರಶಾಸನವನ್ನು ಹುಲ್ಟ್ಜ್ ಎಂಬ ವಿದ್ವಾಂಸರು ‘ಎಪಿಗ್ರಾಫಿಯಾ ಇಂಡಿಕಾ’ದ ಹತ್ತನೆಯ ಸಂಪುಟದಲ್ಲಿ ಪ್ರಕಟಿಸಿದರು. ಆ ಪತ್ರಿಕೆಯ ಶಿಸ್ತು ಗಮನಾರ್ಹವಾದುದು. ಪಾಠವನ್ನು ಸಾಲಿನ ಸಂಖ್ಯೆಯೊಡನೆ ಕೊಡಬೇಕು. ಮಾಸಿದ ಅಕ್ಷರವನ್ನು ಚೌಕಾವರಣದಲ್ಲಿ ಇಡಬೇಕು. ಇಲ್ಲದುದನ್ನು ತಾನು ತುಂಬಿದ್ದರೆ ನಕ್ಷತ್ರ ಚಿಹ್ನೆಯಿಂದ ಸೂಚಿಸಬೇಕು. ಶಾಸನದಲ್ಲಿದ್ದುದೆಷ್ಟು, ವಿದ್ವಾಂಸನ ಊಹೆಯೆಷ್ಟು ಎಂಬುದು ಇದರಿಂದ ಕಣ್ಣಿಗೇ ಕಾಣುತ್ತದೆ. ಒಂದು ಶತಮಾನದ ಮೇಲೆ ಬಂದ ಓದುಗನೂ ಆ ಪಾಠವನ್ನು ತಿದ್ದಬಲ್ಲನು. ನಿಯಮವೆಂದರೆ ಇಂತಹುದು.

ಒಂದೇ ಲೇಖನವನ್ನು ಏಕಕಾಲಕ್ಕೆ ಎರಡು ಪತ್ರಿಕೆಗಳಿಗೆ ಕಳುಹಿಸಬಾರದೆಂಬ ನಿಷೇಧ ಎಲ್ಲ ಸೂಚನೆಗಳಲ್ಲಿಯೂ ಇದೆ. ಅದು ನ್ಯಾಯವಾದುದೂ ಹೌದು. ವಿದ್ವಾಂಸರೊಬ್ಬರು ಸಂಭಾವನೆಯಿಲ್ಲದೆ ಓದಿ ಅಭಿಪ್ರಾಯ ಬರೆದ ಮೇಲೆ, ಅದೇ ಲೇಖನ ಇನ್ನೊಂದೆಡೆ ಅಚ್ಚಾಗಿರುವುದನ್ನು ಕಂಡರೆ ಅವರ ಶ್ರಮಕ್ಕೆ ಏನು ಬೆಲೆ? ಆದರೆ ಈ ಮರ್ಯಾದೆ ಏಕಮುಖವಾದುದು. ನಮ್ಮ ಮಿತ್ರರೊಬ್ಬರು, ಹಳ್ಳಿಯ ಶಾಲೆಯ ಉಪಾಧ್ಯಾಯರು, ಒಂದು ವೀರಗಲ್ಲನ್ನು ಕುರಿತು ಬರೆದು ಕಳುಹಿಸಿ ಹದಿನಾಲ್ಕು ತಿಂಗಳು ಕಾದರು. ಬಂದುದೂ ಇಲ್ಲ, ಬಾರದೆಂಬ ಮಾತೂ ಇಲ್ಲ. ಬೇರೆಡೆಗೆ ಕಳುಹಿಸಿದರೆ ಅಪರಾಧ. ಕಳುಹಿಸದಿದ್ದರೆ ಲೇಖನ ಪೆಟ್ಟಿಗೆಯಲ್ಲಿಯೇ. ಲೇಖಕನನ್ನು ಕಟ್ಟುವ ಪತ್ರಿಕೆ ತನ್ನನ್ನೂ ಒಂದು ಗಡುವಿಗೆ ಕಟ್ಟಿಕೊಳ್ಳಬೇಡವೇ? ಇಷ್ಟು ತಿಂಗಳಲ್ಲಿ ಉತ್ತರ ಬಾರದಿದ್ದರೆ ಲೇಖಕನು ಸ್ವತಂತ್ರನು ಎಂಬ ಒಂದು ವಾಕ್ಯ ಸಾಕಾಗಿತ್ತು.

ಇನ್ನು ಕೃತಿಚೌರ್ಯದ ಮಾತು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಾವಳಿ ಶೇಕಡಾ 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲವೆಂದೂ, 40, 60ರ ಮೆಟ್ಟಿಲುಗಳಲ್ಲಿ ದಂಡನೆ ಏರುವುದೆಂದೂ ವಿಧಿಸಿತು. ಅಂಕಿಯಿಂದ ಪ್ರಾಮಾಣಿಕತೆಯನ್ನು ಅಳೆಯುವುದಾದರೆ ನಮ್ಮ ಕಡೆಯವರಿಗೆ ಒಂದು ಸುಲಭದ ದಾರಿಯಿದೆ. ಅದನ್ನು ನಾವೇ ಹೇಳಿಬಿಡುವುದು ಲೇಸು. ಎರಡೂ ಭಾಷೆ ಬಲ್ಲ ನಾವು ತೆಲುಗಿನ ಲೇಖನವನ್ನು ಕನ್ನಡಕ್ಕೆ ತಂದು ನಮ್ಮ ಹೆಸರು ಹಾಕಿಕೊಂಡರೆ, ಪದಕ್ಕೆ ಪದ ಹೋಲಿಸುವ ಯಂತ್ರ ಶೂನ್ಯವನ್ನೇ ತೋರಿಸೀತು. ಇದು ನಡೆಯುತ್ತಿಲ್ಲವೆಂದು ಎದೆ ಮುಟ್ಟಿ ಹೇಳಲು ನಮಗೆ ಧೈರ್ಯವಿಲ್ಲ. ಕಲ್ಲನ್ನು ತೋರಿಸಿದ ರೈತ, ಅದರ ಕಥೆ ಹೇಳಿದ ಅಜ್ಜಿ – ಇವರ ಹೆಸರನ್ನು ಬಿಡುವ ಚೌರ್ಯವಂತೂ ಯಾವ ಶೇಕಡಾವಾರಿಗೂ ಸಿಕ್ಕದು.

ಆಯೋಗದ ‘ಕೇರ್’ ಪಟ್ಟಿ 2025ರಲ್ಲಿ ನಿಂತುಹೋಯಿತು. ಪಟ್ಟಿಯನ್ನು ನೋಡಿ ಪತ್ರಿಕೆಯನ್ನು ಆರಿಸುತ್ತಿದ್ದವರು ಇನ್ನು ಪತ್ರಿಕೆಯನ್ನೇ ಓದಬೇಕಾದೀತು. ಇದರಿಂದ ನಮಗೆ ದುಃಖವಿಲ್ಲ.

ಸಂಘದ ಪತ್ರಿಕೆಗೆ ಈ ಕಟ್ಟಲೆಗಳೇಕೆ ಎನ್ನುವವರುಂಟು. ‘ಪ್ರಬುದ್ಧ ಕರ್ನಾಟಕ’ ಹುಟ್ಟಿದುದೂ 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದಲೇ. ಆದುದರಿಂದ ನಮಗೆ ಬರೆಯುವವರಲ್ಲಿ ನಮ್ಮದೊಂದು ಬೇಡಿಕೆ: ಶಾಸನಪಾಠವನ್ನು ಗಣಕಯಂತ್ರದ ಕಡತದೊಡನೆ ಕೈಬರಹದಲ್ಲಿಯೂ ಕಳುಹಿಸಿರಿ. ಒಂದು ಅಕ್ಷರವಿನ್ಯಾಸದಿಂದ ಇನ್ನೊಂದಕ್ಕೆ ಹೋಗುವಾಗ ‘ಱ’, ‘ೞ’ಗಳು ಮಾಯವಾಗಿ ಆ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಕುಳಿತಿರುವುದನ್ನು ನಾವು ಕಂಡಿದ್ದೇವೆ. ನಾವೂ ಮೂರು ತಿಂಗಳೊಳಗೆ ಉತ್ತರ ಬರೆಯುತ್ತೇವೆ. ಒಲ್ಲೆವಾದರೆ ಏಕೆಂಬುದನ್ನೂ ಬರೆಯುತ್ತೇವೆ.