ಆವಿಷ್ಕರ್ತರ ಪೇಟೆಂಟು ಪತ್ರಗಳು: ಸಹಿಯ ಬೆಲೆ, ಸಾಕ್ಷ್ಯದ ಬೆಲೆ

ಪ್ರಸಿದ್ಧ ಆವಿಷ್ಕರ್ತರ ಸಹಿಯುಳ್ಳ ಪೇಟೆಂಟು ಪತ್ರಗಳನ್ನು ಸಂಗ್ರಹಿಸುವ ಅಭಿರುಚಿಯು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬೇರೂರಿದೆ. ಇಂತಹ ಪತ್ರಗಳ ಬೆಲೆಯನ್ನು ಸಂಗ್ರಾಹಕರು ಸಾಮಾನ್ಯವಾಗಿ ಸಹಿಯಿಂದಲೇ ಅಳೆಯುವರು. ಪತ್ರವು ಯಾವ ಬಗೆಯದು, ಯಾರ ವಶದಲ್ಲಿರತಕ್ಕದ್ದು, ಯಾವ ಸಂಗತಿಯನ್ನು ಸ್ಥಾಪಿಸುತ್ತದೆ ಎಂಬ ಪ್ರಶ್ನೆಗಳನ್ನು ಕೇಳದೆ ಸಹಿಯೊಂದನ್ನೇ ನೋಡುವ ಈ ಪದ್ಧತಿಯು ಚರಿತ್ರೆಗೂ ಸಂಗ್ರಾಹಕನಿಗೂ ಹಾನಿಕರವಾದುದು.

ಪೇಟೆಂಟು ಎಂಬ ಒಂದೇ ಹೆಸರಿನಲ್ಲಿ ನಾಲ್ಕು ಬಗೆಯ ಪತ್ರಗಳು ಸೇರಿಹೋಗಿವೆ. ಮೊದಲನೆಯದು ಸರಕಾರವು ಮುದ್ರೆಯೊತ್ತಿ ಆವಿಷ್ಕರ್ತನಿಗೆ ಕೊಟ್ಟ ಮೂಲ ಸನ್ನದು. 1790ನೆಯ ಜುಲೈ 31ರಂದು ಪೊಟ್ಯಾಷ್ ತಯಾರಿಕೆಯ ಕ್ರಮಕ್ಕಾಗಿ ಸ್ಯಾಮ್ಯುಅಲ್ ಹಾಪ್ಕಿನ್ಸನಿಗೆ ದೊರೆತ ಪ್ರಥಮ ಸನ್ನದಿಗೆ ಅಧ್ಯಕ್ಷ ವಾಷಿಂಗ್ಟನ್, ರಾಜ್ಯಕಾರ್ಯದರ್ಶಿ ಜೆಫರ್ಸನ್, ಅಟಾರ್ನಿ ಜನರಲ್ ರ‍್ಯಾಂಡಾಲ್ಫ್ ಈ ಮೂವರೂ ಸಹಿ ಮಾಡಿದರು. 1836ರ ಶಾಸನವು ಅಧ್ಯಕ್ಷರಿಗಿದ್ದ ಈ ಕೆಲಸವನ್ನು ತಪ್ಪಿಸಿ ರಾಜ್ಯಕಾರ್ಯದರ್ಶಿಗೂ ಪೇಟೆಂಟು ಕಮಿಷನರಿಗೂ ವಹಿಸಿತು. ವಿಜಯನಗರದ ತಾಮ್ರಶಾಸನಗಳ ಕೊನೆಯಲ್ಲಿ ಕನ್ನಡ ಲಿಪಿಯಲ್ಲಿ ಕಾಣುವ ‘ಶ್ರೀ ವಿರೂಪಾಕ್ಷ’ ಎಂಬ ಅಂಕಿತವು ದಾನ ಕೊಟ್ಟವನದೇ ಹೊರತು ಪಡೆದವನದಲ್ಲ. ಪೇಟೆಂಟು ಸನ್ನದಿನ ಸಹಿಯೂ ಹಾಗೆಯೇ. ಆವಿಷ್ಕರ್ತನ ಹಸ್ತಾಕ್ಷರವನ್ನು ಅಲ್ಲಿ ಅರಸುವುದು ವ್ಯರ್ಥ.

ಆ ಹಸ್ತಾಕ್ಷರವಿರುವುದು ಎರಡನೆಯ ಬಗೆಯ ಪತ್ರಗಳಲ್ಲಿ, ಎಂದರೆ ಅರ್ಜಿ, ಪ್ರಮಾಣಪತ್ರ, ವಿವರಣೆ, ನಕ್ಷೆ ಇವುಗಳ ಕಡತದಲ್ಲಿ. ಈ ಕಡತವು ಸರಕಾರದ ದಫ್ತರಕ್ಕೆ ಸೇರಿದ್ದು. ಮೂರನೆಯದು ಹಕ್ಕಿನ ವರ್ಗಾವಣೆ ಪತ್ರ. ಆವಿಷ್ಕರ್ತನು ಸಹಿ ಮಾಡಿ ಕೊಂಡವನ ಕೈಗೆ ಕೊಡುತ್ತಿದ್ದ ಈ ಪತ್ರವು ಖಾಸಗಿ ಸಂಗ್ರಹಕ್ಕೆ ನ್ಯಾಯವಾಗಿ ಬರಬಹುದಾದುದು. ನಾಲ್ಕನೆಯದು ಅಚ್ಚಿನ ಪ್ರತಿ. ಇದರ ನಕ್ಷೆಯಲ್ಲಿ ಮೂಲದ ಸಹಿಯೂ ಪಡಿಯಚ್ಚಾಗಿ ಮೂಡಿರುವುದುಂಟು. ಹೊಸಬರು ಮೋಸಹೋಗುವುದು ಇಲ್ಲಿಯೇ. ಎಡಿಸನ್ನನಿಗೆ ದೊರೆತ ಅಮೆರಿಕದ ಪೇಟೆಂಟುಗಳು 1,093; ಅವುಗಳ ಅಚ್ಚಿನ ಪ್ರತಿಗಳಲ್ಲಿ ಕಾಣುವ ಅವನ ಹೆಸರು ಅವನ ಲೇಖನಿಯಿಂದ ಇಳಿದ ಶಾಯಿಯಲ್ಲ.

ಹೀಗೆ, ಅತ್ಯಂತ ಅಪೇಕ್ಷಣೀಯವಾದ ಸಹಿಯು ಮಾರಾಟಕ್ಕೆ ಬರಬಾರದ ಪತ್ರದಲ್ಲಿಯೇ ಇರುವುದು. 1906ನೆಯ ಮೇ 22ರಂದು ರೈಟ್ ಸಹೋದರರಿಗೆ ದೊರೆತ 821,393ನೆಯ ಪೇಟೆಂಟಿನ ಕಡತವು 1980ರ ತರುವಾಯ ಅಮೆರಿಕದ ರಾಷ್ಟ್ರೀಯ ದಫ್ತರಖಾನೆಯಲ್ಲಿ ಕಾಣದಾಯಿತು. 2016ರಲ್ಲಿ ಅದು ಕಾನ್ಸಾಸ್ ಪ್ರಾಂತದ ಲೆನೆಕ್ಸಾದಲ್ಲಿ, ಸುಣ್ಣಕಲ್ಲಿನ ಗವಿಯೊಳಗಿನ ಸರಕಾರಿ ಉಗ್ರಾಣದಲ್ಲಿ ಸಿಕ್ಕಿತು. ಅದು ಕಳವಾಗಿರಲಿಲ್ಲ, ಸಲ್ಲದ ಪೆಟ್ಟಿಗೆಯಲ್ಲಿ ಸೇರಿಹೋಗಿತ್ತು. ಆದರೂ 36 ವರ್ಷಗಳ ಕಾಲ ಅದು ವಿದ್ವಾಂಸರಿಗೆ ಇಲ್ಲದಂತೆಯೇ ಆಗಿತ್ತು. ಅರ್ಜಿಯ ಮೂಲಪತ್ರವೊಂದು ಅಂಗಡಿಯಲ್ಲಿ ಎದುರಾದಾಗ ‘ಇದು ಇಲ್ಲಿಗೆ ಹೇಗೆ ಬಂದಿತು?’ ಎಂದು ಕೇಳುವುದು ಸಂಗ್ರಾಹಕನ ಮೊದಲ ಧರ್ಮ.

ಇಷ್ಟರಿಂದ ಖಾಸಗಿ ಸಂಗ್ರಹವೇ ದೂಷ್ಯವೆಂದು ಭಾವಿಸಲಾಗದು. 1836ನೆಯ ಡಿಸೆಂಬರ್ 15ರಂದು ವಾಷಿಂಗ್ಟನ್ ನಗರದ ಪೇಟೆಂಟು ಕಚೇರಿಯು ಬೆಂಕಿಗೆ ಆಹುತಿಯಾಗಿ ಸುಮಾರು 10,000 ಪೇಟೆಂಟುಗಳ ದಾಖಲೆ ಸುಟ್ಟುಹೋಯಿತು. ಅವುಗಳಲ್ಲಿ ಸುಮಾರು 2,800ನ್ನು ಪುನಃ ಪಡೆಯಲು ಸಾಧ್ಯವಾದುದು ಬಹುಮಟ್ಟಿಗೆ ಆವಿಷ್ಕರ್ತರ ಮನೆಗಳಲ್ಲಿ ಉಳಿದಿದ್ದ ಮೂಲ ಸನ್ನದುಗಳಿಂದ. ದಫ್ತರವು ನಾಶವಾದಾಗ ಮನೆಯ ಪೆಟ್ಟಿಗೆಯೇ ದಫ್ತರವಾಯಿತು. ಆದರೆ ಆ ಉಪಕಾರ ನಡೆದುದು ಪತ್ರಗಳನ್ನು ಬಚ್ಚಿಟ್ಟುದರಿಂದಲ್ಲ, ಪ್ರತಿ ಮಾಡಿಕೊಳ್ಳಲು ಕೊಟ್ಟುದರಿಂದ ಎಂಬುದನ್ನು ಮರೆಯಬಾರದು.

ಶಾಯಿಯ ಸಹಿಯಿಲ್ಲದ ಪತ್ರವೂ ಎಷ್ಟು ಹೇಳಬಲ್ಲದೆಂಬುದಕ್ಕೆ ಜಗದೀಶಚಂದ್ರ ಬೋಸರ 755,840ನೆಯ ಅಮೆರಿಕದ ಪೇಟೆಂಟು ನಿದರ್ಶನ. ವಿದ್ಯುತ್ತರಂಗಗಳನ್ನು ಗುರುತಿಸುವ ಉಪಕರಣಕ್ಕಾಗಿ 1904ರಲ್ಲಿ ದೊರೆತ ಇದರ ಅಚ್ಚಿನ ಪ್ರತಿಯ ತಲೆಯಲ್ಲಿಯೇ ಅರ್ಧ ಹಕ್ಕು ಸಾರಾ ಚಾಪ್ಮನ್ ಬುಲ್ ಎಂಬ ಮಹಿಳೆಗೆ ಸೇರಿದುದೆಂದು ನಮೂದಾಗಿದೆ. ಜ್ಞಾನವನ್ನು ಸ್ವಂತ ಸ್ವತ್ತಾಗಿಸಲು ಒಲ್ಲದಿದ್ದ ಬೋಸರು ಪೇಟೆಂಟಿಗೆ ಒಪ್ಪಿದುದು ಈ ಸ್ನೇಹಿತೆಯ ಒತ್ತಾಯದಿಂದ. ಆ ಒಂದು ಸಾಲು ವಿಜ್ಞಾನಿಯ ಮನೋಧರ್ಮಕ್ಕೂ ಲೋಕವ್ಯವಹಾರಕ್ಕೂ ನಡೆದ ಘರ್ಷಣೆಗೆ ಸಾಕ್ಷಿ. ಅದನ್ನು ಬಿಡಿ ಸಹಿಯೊಂದು ಎಂದಿಗೂ ತಿಳಿಸಲಾರದು.

ಆದುದರಿಂದ ಸಂಗ್ರಾಹಕನ ಯೋಗ್ಯತೆಯು ಅವನಲ್ಲಿರುವ ಸಹಿಗಳ ಸಂಖ್ಯೆಯಿಂದ ನಿರ್ಧಾರವಾಗತಕ್ಕದ್ದಲ್ಲ. ಪತ್ರದ ಬಗೆಯನ್ನು ಅರಿತು, ಬಂದ ದಾರಿಯನ್ನು ಶೋಧಿಸಿ, ಅಭ್ಯಾಸಿಗಳಿಗೆ ಅದನ್ನು ತೆರೆದಿಡುವವನು ಚರಿತ್ರೆಯ ಸೇವಕ. ಸಹಿಗೆ ಕಟ್ಟುಹಾಕಿಸಿ ಗೋಡೆಗೆ ತೂಗುಹಾಕುವವನು ಕೇವಲ ಅದರ ಒಡೆಯ.