ಸ್ಕಿನ್ನರ್ ಅವರ ನಿಯತಿವಾದ: ಒಂದು ವಿಮರ್ಶೆ

ಮನುಷ್ಯನು ತನ್ನ ಕೃತಿಗಳಿಗೆ ತಾನೇ ಕರ್ತೃವೋ, ಪರಿಸರವು ಆಡಿಸಿದಂತೆ ಆಡುವವನೋ ಎಂಬ ಪ್ರಶ್ನೆ ತತ್ತ್ವಶಾಸ್ತ್ರದಷ್ಟೇ ಹಳೆಯದು. ಅದನ್ನು ಪ್ರಯೋಗಶಾಲೆಯ ಬಲದಿಂದ ಬಗೆಹರಿಸಲು ಹೊರಟ ಗ್ರಂಥಗಳಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ (1904–1990) ಅವರು 1971ರಲ್ಲಿ ಪ್ರಕಟಿಸಿದ ‘ಬಿಯಾಂಡ್ ಫ್ರೀಡಂ ಅಂಡ್ ಡಿಗ್ನಿಟಿ’ ಅತ್ಯಂತ ನಿರ್ಭೀತವಾದುದು. ಸ್ವಾತಂತ್ರ್ಯ, ಘನತೆಗಳೆಂಬ ಪರಿಕಲ್ಪನೆಗಳನ್ನು ದಾಟಿದಲ್ಲದೆ ಮಾನವಸಮಾಜವನ್ನು ತಿದ್ದುವುದು ಅಸಾಧ್ಯವೆಂಬುದೇ ಅದರ ಪ್ರತಿಪಾದನೆ.

ಇದರ ತಳಹದಿ ಗಟ್ಟಿಯಾದುದೆಂಬುದನ್ನು ಮೊದಲೇ ಒಪ್ಪಬೇಕು. ಸನ್ನೆಯನ್ನು ಒತ್ತಿದ ಇಲಿಗೆ, ಗುಂಡಿಯನ್ನು ಕುಕ್ಕಿದ ಪಾರಿವಾಳಕ್ಕೆ ಆಹಾರ ದೊರೆತರೆ ಆ ವರ್ತನೆ ಮರುಕಳಿಸುತ್ತದೆ. ಎಷ್ಟನೆಯ ಸಲಕ್ಕೆ ಕಾಳು ಬರುವುದೆಂಬುದು ತಿಳಿಯದಂತೆ ಏರ್ಪಡಿಸಿದರೆ, ಕಾಳು ನಿಂತುಹೋದ ಮೇಲೂ ಪಾರಿವಾಳವು ಬಹುಕಾಲ ಕುಕ್ಕುತ್ತಲೇ ಇರುತ್ತದೆ. ಜೂಜುಗಾರನ ಹಟವನ್ನು ಈ ನಿಯಮ ಚೆನ್ನಾಗಿ ವಿವರಿಸುತ್ತದೆ. ಆದರೆ ಇಲ್ಲಿಂದ ಸ್ಕಿನ್ನರ್ ಒಮ್ಮೆಗೇ ದೊಡ್ಡ ನೆಗೆತ ನೆಗೆಯುತ್ತಾರೆ: ಒಳಗೆ ಕುಳಿತು ನಿರ್ಧರಿಸುವ ‘ಸ್ವಾಯತ್ತ ಮಾನವ’ನೆಂಬವನು ನಮ್ಮ ಅಜ್ಞಾನದ ಇನ್ನೊಂದು ಹೆಸರಷ್ಟೇ.

ಘನತೆಯನ್ನು ಕುರಿತ ಅಧ್ಯಾಯವೇ ಗ್ರಂಥದ ಸಾರವತ್ತಾದ ಭಾಗ. ವರ್ತನೆಯ ಕಾರಣ ಎದ್ದು ಕಂಡಷ್ಟೂ ನಾವು ಮಾಡಿದವನಿಗೆ ಕೊಡುವ ಮನ್ನಣೆ ಕುಗ್ಗುತ್ತದೆಂಬುದು ಸ್ಕಿನ್ನರ್ ಅವರ ಸೂಕ್ಷ್ಮ ಅವಲೋಕನ. ಬೆತ್ತಕ್ಕೆ ಹೆದರಿ ಓದುವ ಹುಡುಗನಿಗಿಂತ ತಾನಾಗಿ ಓದುವವನನ್ನೇ ಲೋಕ ಮೆಚ್ಚುತ್ತದೆ. ಅವಲೋಕನ ಸರಿ, ಅದರಿಂದ ತೆಗೆದ ತೀರ್ಮಾನ ಮಾತ್ರ ಸರಿಯಲ್ಲ. ದಾರಿಯಲ್ಲಿ ಸಿಕ್ಕ ಹಣದ ಚೀಲವನ್ನು, ಯಾರೂ ಕಾಣದಿದ್ದರೂ, ಒಡೆಯನಿಗೆ ಒಪ್ಪಿಸಿದವನನ್ನು ಜನ ಹೊಗಳುವುದು ಕಾರಣ ತಿಳಿಯದೆ ಅಲ್ಲ. ಅದು ಪರರ ಸ್ವತ್ತೆಂಬ ಅರಿವೇ ಆತನ ನಡೆಗೆ ಕಾರಣವೆಂಬುದು ತಿಳಿದೇ ಹೊಗಳುತ್ತಾರೆ. ಇಲ್ಲಿ ಕಾರಣ ಬೆಳಕಿಗೆ ಬಂದಷ್ಟೂ ಮನ್ನಣೆ ಹೆಚ್ಚುತ್ತದೆ. ದೂಡುವ ಕಾರಣ ಬೇರೆ, ಮನಗಾಣಿಸುವ ಕಾರಣ ಬೇರೆ. ಈ ಭೇದವನ್ನು ಅಳಿಸಿದರೆ ಗ್ರಂಥಕರ್ತರ ತರ್ಕವೂ ವಾಚಕನನ್ನು ದೂಡುವ ಒಂದು ಉದ್ದೀಪನ ಮಾತ್ರವಾಗಿ ಉಳಿದೀತು. ಆಗ ಅದನ್ನು ಒಪ್ಪಿದವನೂ ಒಪ್ಪದವನೂ ಸಮಾನರೇ.

ದಂಡನೆಯ ವಿಷಯದಲ್ಲಿ ಸ್ಕಿನ್ನರ್ ಅವರಿಗೆ ಅನ್ಯಾಯವಾಗಬಾರದು. ಅಪರಾಧಿಯನ್ನು ಶಿಕ್ಷಿಸಿ, ಅಪರಾಧವನ್ನು ಹುಟ್ಟಿಸಿದ ಪರಿಸ್ಥಿತಿಯನ್ನು ಹಾಗೆಯೇ ಬಿಡುವ ಪದ್ಧತಿಯನ್ನು ಅವರು ಖಂಡಿಸಿದರು. ಅವರನ್ನು ನಿರಂಕುಶಾಧಿಕಾರದ ವಕೀಲರೆಂದು ಹಳಿದವರು ಇದನ್ನು ಮರೆತರು. ಆದರೂ ಹೊಣೆಯನ್ನು ಪೂರ್ತಿಯಾಗಿ ಪರಿಸರಕ್ಕೆ ವರ್ಗಾಯಿಸಿದರೆ, ತಪ್ಪಿತಸ್ಥನು ಉತ್ತರ ಹೇಳಬಲ್ಲ ಮನುಷ್ಯನಾಗಿ ಉಳಿಯದೆ ದುರಸ್ತಿಗೆ ಬಂದ ಯಂತ್ರವಾಗುತ್ತಾನೆ. ಬೆತ್ತ ತಪ್ಪಿತೆಂಬ ಸಮಾಧಾನಕ್ಕೆ ಇದು ತೀರ ದುಬಾರಿ ಬೆಲೆ.

ನಿಯಂತ್ರಿಸುವವರು ಯಾರು, ಯಾವ ಗುರಿಗಾಗಿ ಎಂದು ಕಾರ್ಲ್ ರೋಜರ್ಸ್ 1956ರಷ್ಟು ಹಿಂದೆಯೇ ‘ಸೈನ್ಸ್’ ಪತ್ರಿಕೆಯಲ್ಲಿ ಸ್ಕಿನ್ನರ್ ಅವರೊಡನೆ ನಡೆಸಿದ ಸಂವಾದದಲ್ಲಿ ಕೇಳಿದ್ದರು. ಪಾರಿವಾಳವೂ ಪ್ರಯೋಗಕಾರನನ್ನು ನಿಯಂತ್ರಿಸುತ್ತದೆ, ಸಂಸ್ಕೃತಿಯ ಉಳಿವೇ ಕಡೆಯ ಮೌಲ್ಯ ಎಂಬುದು 1971ರ ಗ್ರಂಥದ ಉತ್ತರ. ಆದರೆ ಪಂಜರದ ಬೀಗದ ಕೈ ಒಬ್ಬರ ಬಳಿಯಲ್ಲೇ ಇರುತ್ತದೆ. ಕ್ರೌರ್ಯದಿಂದಲೂ ಸಂಸ್ಕೃತಿಗಳು ದೀರ್ಘಕಾಲ ಉಳಿದಿವೆ. ಪ್ರಯೋಗಶಾಲೆಯ ಪದಗಳನ್ನು ಅದರ ಹೊರಗೆ ಬಳಸಿದಾಗ ಅವುಗಳ ನಿಖರತೆಯೇ ಕಳೆದುಹೋಗುತ್ತದೆಂದು ನೋಮ್ ಚಾಮ್‌ಸ್ಕಿ ಎತ್ತಿದ ಆಕ್ಷೇಪವೂ ಇಲ್ಲಿ ಸ್ಮರಣೀಯ.

ಸ್ಕಿನ್ನರ್ ತಮ್ಮ ಬರವಣಿಗೆಗೆ ನಿಯತ ವೇಳೆಯನ್ನು ಗೊತ್ತುಮಾಡಿಕೊಂಡು, ಬರೆದ ಹೊತ್ತನ್ನು ಗಡಿಯಾರದಿಂದ ಅಳೆದು ನಕ್ಷೆಯಲ್ಲಿ ಗುರುತಿಸುತ್ತಿದ್ದರು. ತನ್ನ ಪರಿಸರವನ್ನು ತಾನೇ ಏರ್ಪಡಿಸಿಕೊಂಡು ತನ್ನನ್ನು ತಿದ್ದಿಕೊಳ್ಳುವ ಈ ವಿಧಾನ ಅವರ ಸಿದ್ಧಾಂತಕ್ಕೆ ಅನುಗುಣವೇ. ಅನೇಕ ವರ್ತನೆಗಳಲ್ಲಿ ಬರವಣಿಗೆಯನ್ನೇ ಬಲಪಡಿಸತಕ್ಕದ್ದೆಂದು ಗೊತ್ತುಮಾಡಿದವರಾರು ಎಂಬ ಪ್ರಶ್ನೆಗೆ ಗ್ರಂಥವು ಹಿಂದಿನ ಪರಿಸರದತ್ತ ಬೆರಳು ತೋರಿಸಿ ಸುಮ್ಮನಾಗುತ್ತದೆ.