ಕೆಂಡದಿಂದ ತಟ್ಟೆಗೆ: ಬ್ರೆಜಿಲ್‌ನ ರೊಡೀಜಿಯೊ ಊಟ ಸವಿಯುವ ಬಗೆ

ಬ್ರೆಜಿಲ್‌ನ ಶುರಸ್ಕಾರಿಯಾಕ್ಕೆ, ಅಂದರೆ ಸುಟ್ಟ ಮಾಂಸದ ಊಟದ ಮನೆಗೆ, ಮೊದಲ ಸಲ ಹೋಗುವವರ ತಲೆಯಲ್ಲಿ ಒಂದೇ ಲೆಕ್ಕ ಓಡುತ್ತಿರುತ್ತದೆ. ತಲೆಗಿಷ್ಟು ಎಂದು ದುಡ್ಡು ಕೊಟ್ಟ ಮೇಲೆ ಎಷ್ಟು ತಿಂದರೂ ಕೇಳುವವರಿಲ್ಲ. ಹಾಗಾದರೆ ಎಷ್ಟು ತಿನ್ನಬಹುದು? ಈ ಲೆಕ್ಕ ಹಿಡಿದು ಕೂತವರು ಅರ್ಧ ಗಂಟೆಯಲ್ಲಿ ಹೊಟ್ಟೆ ಬಿರಿಯುವಷ್ಟು ತಿಂದು, ಯಾವುದರ ರುಚಿಯೂ ನಾಲಿಗೆಯಲ್ಲಿ ನಿಲ್ಲದೆ ಎದ್ದು ಬರುತ್ತಾರೆ. ಉದ್ದನೆಯ ಸರಳಿಗೆ ಚುಚ್ಚಿದ ಮಾಂಸವನ್ನು ಮೇಜಿನಿಂದ ಮೇಜಿಗೆ ಹೊತ್ತು ತಂದು, ಎದುರಿಗೇ ಕೊಯ್ದು ಬಡಿಸುವ ಪದ್ಧತಿಗೆ ಅಲ್ಲಿ ರೊಡೀಜಿಯೊ ಎನ್ನುತ್ತಾರೆ. ಬೆಂಕಿಯಿಂದ ಇಳಿದ ಮಾಂಸದ ಅತ್ಯುತ್ತಮ ಪದರ, ಆರುವ ಮೊದಲೇ, ಕೂತ ಪ್ರತಿಯೊಬ್ಬರ ತಟ್ಟೆಗೂ ಬೀಳುವಂತೆ ನೋಡಿಕೊಳ್ಳುವುದೇ ಈ ಪದ್ಧತಿಯ ಸೊಗಸು. ಅದನ್ನು ಸವಿಯಲು ದೊಡ್ಡ ಹೊಟ್ಟೆ ಬೇಕಿಲ್ಲ, ಸ್ವಲ್ಪ ತಾಳ್ಮೆ ಸಾಕು.

ಹುಟ್ಟಿದ ನೆಲ

ಬ್ರೆಜಿಲ್‌ನ ದಕ್ಷಿಣದ ತುದಿಯಲ್ಲಿ ರಿಯೊ ಗ್ರಾಂಡೆ ದೊ ಸುಲ್ ರಾಜ್ಯವಿದೆ. ಉರುಗ್ವೆ, ಅರ್ಜೆಂಟೀನಾಗಳ ಜತೆ ಹಂಚಿಕೊಂಡ ಹುಲ್ಲುಗಾವಲಿನ ನಾಡು ಅದು. 17ನೇ ಶತಮಾನದಲ್ಲಿ ಜೆಸ್ಯೂಟ್ ಪಾದ್ರಿಗಳು ತಂದ ದನಗಳು ಆ ಬಯಲಿನಲ್ಲಿ ಕಾಡುಬಿದ್ದು ಬೆಳೆದವು. ಅವುಗಳ ಹಿಂದೆ ಕುದುರೆಯೇರಿ ತಿರುಗಿದವರು ಗೌಶೊಗಳು. ಬಯಲಲ್ಲಿ ದಿನಗಟ್ಟಲೆ ಇರುವವರಿಗೆ ಪಾತ್ರೆ ಪಡಗ ಎಲ್ಲಿಂದ ಬರಬೇಕು? ನೆಲದಲ್ಲಿ ಬೆಂಕಿ ಹಾಕಿ, ಪಕ್ಕೆಲುಬಿನ ಇಡೀ ಹಲಗೆಯನ್ನು ಕೋಲಿಗೆ ಸಿಕ್ಕಿಸಿ, ಬೆಂಕಿಯ ಕಡೆ ವಾಲಿಸಿ ನಿಲ್ಲಿಸುತ್ತಿದ್ದರು. ಮಸಾಲೆ ಎಂದರೆ ಉಪ್ಪು. 1780ರ ಸುಮಾರಿಗೆ ಪೆಲೋಟಾಸ್ ಊರಿನಲ್ಲಿ ಮಾಂಸಕ್ಕೆ ಉಪ್ಪು ಹಚ್ಚಿ ಒಣಗಿಸುವ ಉದ್ಯಮವೇ ತಲೆಯೆತ್ತಿತು. ಇಂದಿಗೂ ಒಳ್ಳೆಯ ಶುರಸ್ಕಾರಿಯಾದಲ್ಲಿ ದನದ ಮಾಂಸಕ್ಕೆ ಕಲ್ಲುಪ್ಪಿನ ಹೊರತು ಮತ್ತೇನನ್ನೂ ಹಚ್ಚುವುದಿಲ್ಲ. 2003ರಲ್ಲಿ ಆ ರಾಜ್ಯ ಈ ಸುಟ್ಟ ಮಾಂಸವನ್ನು, ಶುರಾಸ್ಕೊವನ್ನು, ತನ್ನ ವಿಶಿಷ್ಟ ಖಾದ್ಯವೆಂದು ಕಾನೂನು ಮಾಡಿಯೇ ಸಾರಿತು.

ಬಯಲಿನ ಊಟ ಹೋಟೆಲಿಗೆ ಬಂದದ್ದು 20ನೇ ಶತಮಾನದಲ್ಲಿ, ಹೆದ್ದಾರಿಗಳ ದಾರಿ ಹಿಡಿದು. ದಕ್ಷಿಣದಿಂದ ಸಾವೊ ಪೌಲೊ ಕಡೆಗೆ ಹೋಗುವ ಬಿಆರ್-116 ರಸ್ತೆಯ ಬದಿಯಲ್ಲಿ ಲಾರಿ ಚಾಲಕರಿಗೆ ಊಟ ಹಾಕುವ ಶುರಸ್ಕಾರಿಯಾಗಳು ತೆರೆದವು. ಅಂಥ ಒಂದು ಕಡೆ, ಜನಜಂಗುಳಿಯ ದಿನ, ಯಾರ ಸರಳು ಯಾರ ಮೇಜಿಗೆ ಎಂಬುದು ಕಲಸುಮೇಲೋಗರವಾಗಿ, ಕೊನೆಗೆ ಎಲ್ಲ ಸರಳನ್ನೂ ಎಲ್ಲರಿಗೂ ತೋರಿಸುತ್ತ ಹೋದರು, ರೊಡೀಜಿಯೊ ಶುರುವಾದದ್ದು ಹಾಗೆ ಎಂದು ಅಲ್ಲಿಯವರು ಕಥೆ ಹೇಳುತ್ತಾರೆ. ನೋವಾ ಬ್ರೆಸಿಯಾ ಎಂಬ ಪುಟ್ಟ ಊರಿನಿಂದ ಹೊರಟ ಮಾಂಸ ಸುಡುವವರು ದೇಶದ ಉದ್ದಗಲಕ್ಕೂ ಇಂಥ ಮನೆಗಳನ್ನು ತೆರೆದರು. 1979ರಲ್ಲಿ ಪೋರ್ಟೊ ಅಲೆಗ್ರೆಯಲ್ಲಿ ಶುರುವಾದ ಫೋಗೊ ದೆ ಶಾವೊ 1997ರಲ್ಲಿ ಡಲ್ಲಾಸ್ ಪಕ್ಕದಲ್ಲಿ ಅಮೆರಿಕದ ಮೊದಲ ಶಾಖೆ ತೆರೆಯಿತು. ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ಊಟದ ಪರಿಚಯ ಸಾಮಾನ್ಯವಾಗಿ ಆಗುವುದು ಇಂಥ ಕಡೆಯೇ, ಆಫೀಸಿನ ಔತಣದ ನೆಪದಲ್ಲಿ.

ಪಿಕಾನ್ಯಾದಿಂದ ಕಣ್ಣು ಪಳಗಿಸಿಕೊಳ್ಳಿ

ಈ ಊಟದ ಮರ್ಮವೆಲ್ಲ ಪಿಕಾನ್ಯಾ ಎಂಬ ಒಂದೇ ಕಟ್‌ನಲ್ಲಿದೆ. ದನದ ಸೊಂಟದ ಹಿಂಭಾಗದ ಮೇಲಿನ ತ್ರಿಕೋನಾಕಾರದ ತುಂಡು ಇದು. ಒಂದು ಪೂರ್ತಿ ತುಂಡು ಸುಮಾರು 1ರಿಂದ 1.5 ಕೆ.ಜಿ. ತೂಗುತ್ತದೆ. ಒಂದು ಬದಿಗೆ ಬೆರಳು ದಪ್ಪದ ಬಿಳಿ ಕೊಬ್ಬಿನ ಹೊದಿಕೆ. ಅದನ್ನು ಕೆತ್ತಿ ಬಿಸಾಡುವುದಿಲ್ಲ. ದಪ್ಪ ಹೋಳು ಮಾಡಿ, ಕೊಬ್ಬು ಹೊರಗೆ ಬರುವಂತೆ ಅರ್ಧಚಂದ್ರಾಕಾರಕ್ಕೆ ಬಗ್ಗಿಸಿ, ಮೂರು ನಾಲ್ಕು ಹೋಳನ್ನು ಒಂದೇ ಸರಳಿಗೆ ಏರಿಸುತ್ತಾರೆ. ಕಲ್ಲುಪ್ಪು ಹಚ್ಚಿ ಕೆಂಡದ ಮೇಲಿಟ್ಟರೆ ಕರಗಿದ ಕೊಬ್ಬು ಮಾಂಸದ ಮೈಮೇಲೆ ಹರಿಯುತ್ತ ಅದನ್ನು ಒಣಗಲು ಬಿಡುವುದಿಲ್ಲ.

ಈಗ ಪಸಾದೋರ್, ಅಂದರೆ ಸರಳು ಹೊತ್ತು ತಿರುಗುವವನು, ನಿಮ್ಮ ಮೇಜಿಗೆ ಬರುತ್ತಾನೆ. ಸರಳಿನ ತುದಿಯನ್ನು ಚಿಕ್ಕ ತಟ್ಟೆಯ ಮೇಲೆ ಊರಿ, ಚಾಕುವನ್ನು ಮೇಲಿಂದ ಕೆಳಕ್ಕೆ ಇಳಿಸುತ್ತಾನೆ. ಹೊರಪದರ ತೆಳ್ಳಗೆ ಬಿಟ್ಟು ಬಾಗುತ್ತದೆ. ನಿಮ್ಮ ತಟ್ಟೆಯ ಪಕ್ಕದಲ್ಲಿರುವ ಚಿಕ್ಕ ಚಿಮಟದಿಂದ ಆ ಅಂಚನ್ನು ಹಿಡಿಯಿರಿ. ಅವನು ಕೊನೆಯ ಎಳೆ ಕತ್ತರಿಸುತ್ತಾನೆ. ಆ ಹೋಳನ್ನು ಒಂದು ಗಳಿಗೆ ನೋಡಿ. ಅಂಚಿನಲ್ಲಿ ಉಪ್ಪಿನ ಹರಳು ಹೊಳೆಯುವ ಗರಿಗರಿ ಕೊಬ್ಬು, ಅದರ ಕೆಳಗೆ ಕಂದು, ಒಳಕ್ಕೆ ಹೋದಂತೆ ನಸುಗೆಂಪು. ಈ ಮೂರೂ ಒಂದೇ ತುತ್ತಿನಲ್ಲಿ ಬಾಯಿಗೆ ಬರಬೇಕು. ಕೊಬ್ಬನ್ನು ಬಿಡಿಸಿ ಪಕ್ಕಕ್ಕಿಟ್ಟರೆ ಪಿಕಾನ್ಯಾ ತಿಂದ ಹಾಗಲ್ಲ.

ಒಂದೆರಡು ಸುತ್ತು ಕೊಯ್ದಾದ ಮೇಲೆ ಸರಳಿನಲ್ಲಿ ಉಳಿಯುವುದು ಬೇಯದ ಕೆಂಪು ಮಾಂಸ. ಪಸಾದೋರ್ ಅದನ್ನು ಮತ್ತೆ ಒಲೆಗೆ ಒಯ್ಯುತ್ತಾನೆ. ಮತ್ತೆ ಉಪ್ಪು, ಮತ್ತೆ ಕೆಂಡ, ಮತ್ತೆ ಹೊಸ ಗರಿಗರಿ ಹೊರಮೈ. ಇಡೀ ತುಂಡನ್ನು ಒಬ್ಬರ ತಟ್ಟೆಗೆ ಇಟ್ಟುಬಿಟ್ಟರೆ ಸುಟ್ಟ ಹೊರಪದರ ಸಿಗುವುದು ಅಂಚಿನಲ್ಲಿ ಮಾತ್ರ. ಸರಳು ಹೀಗೆ ಒಲೆಗೂ ಮೇಜಿಗೂ ಓಡಾಡುತ್ತಿದ್ದರೆ ಕೂತವರೆಲ್ಲರಿಗೂ ಅದೇ ಪದರ ಸಿಗುತ್ತದೆ.

ಉಳಿದ ಸರಳುಗಳು

ಮೊದಲು ಬರುವುದು ಬೇಗ ಬೇಯುವಂಥವು: ಲಿಂಗ್ವಿಸಾ ಎಂಬ ಹಂದಿ ಸಾಸೇಜು, ಸಾಲಾಗಿ ಪೋಣಿಸಿದ ಕೋಳಿಯ ಹೃದಯಗಳು. ಕೋಳಿ ಹೃದಯ ಕಂಡು ಮುಖ ತಿರುಗಿಸಬೇಡಿ. ಹೊರಗೆ ಗರಿಗರಿ, ಒಳಗೆ ಗಟ್ಟಿ, ಕಚ್ಚಿದರೆ ರಸ. ಎರಡೇ ತಿನ್ನಿ, ಸಾಕು. ಅಲ್ಕಾತ್ರ ಎಂಬ ದನದ ಕಟ್‌ನಲ್ಲಿ ಕೊಬ್ಬು ಕಡಿಮೆ, ಮಾಂಸದ ರುಚಿ ನೇರ. ಹೊಟ್ಟೆಯ ಭಾಗದ ಫ್ರಾಲ್ಡಿನ್ಯಾದ ಎಳೆಗಳು ಉದ್ದ. ಎಳೆಗೆ ಅಡ್ಡಲಾಗಿ ಕೊಯ್ದಿದ್ದರೆ ಬೆಣ್ಣೆ, ಉದ್ದಕ್ಕೆ ಕೊಯ್ದಿದ್ದರೆ ನಾರು. ಕೊಯ್ಯುವವನ ಕೈಚಳಕ ಅಳೆಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ. ಪಕ್ಕೆಲುಬಿನ ಕೊಸ್ತೆಲಾ ಕೆಂಡದಿಂದ ದೂರದಲ್ಲಿ ತಾಸುಗಟ್ಟಲೆ ಬೇಯುತ್ತದೆ. ಮೂಳೆ ಹಿಡಿದು ಎಳೆದರೆ ಮಾಂಸ ತಾನಾಗಿ ಕಳಚಬೇಕು. ಅದಕ್ಕಾಗಿ ಹೊಟ್ಟೆಯಲ್ಲಿ ಜಾಗ ಉಳಿಸಿಕೊಳ್ಳಿ.

ಭಾರತದವರು ವಿಶೇಷವಾಗಿ ಗಮನಿಸಬೇಕಾದದ್ದು ಕುಪಿಂ. ಇದು ಎತ್ತಿನ ಡುಬ್ಬದ ಮಾಂಸ. ಯುರೋಪಿನ ದನಗಳಿಗೆ ಡುಬ್ಬವಿಲ್ಲ. ಬ್ರೆಜಿಲ್‌ನ ಬಿಸಿಲು ನಾಡಿಗೆ ಹೊಂದುವ ತಳಿ ಬೇಕೆಂದು 19 ಮತ್ತು 20ನೇ ಶತಮಾನಗಳಲ್ಲಿ ಭಾರತದಿಂದ ದನಗಳನ್ನು ಹಡಗಿನಲ್ಲಿ ಒಯ್ದರು. ಆಂಧ್ರ ಕರಾವಳಿಯ ಒಂಗೋಲು ತಳಿ ಅಲ್ಲಿ ನೆಲೋರೆ ಎಂಬ ಹೆಸರಿನಲ್ಲಿ ಹಬ್ಬಿ, ಇಂದು ಬ್ರೆಜಿಲ್‌ನ ಮಾಂಸದ ದನಗಳಲ್ಲಿ ಬಹುಪಾಲು ಅದರದೇ ರಕ್ತ. ಕುಪಿಂನಲ್ಲಿ ಕೊಬ್ಬೂ ಮಾಂಸವೂ ನುಣ್ಣಗೆ ಹೆಣೆದುಕೊಂಡಿರುತ್ತವೆ. ಸುತ್ತಿ ಮುಚ್ಚಿ ತಾಸುಗಟ್ಟಲೆ ಬೇಯಿಸಿ, ಕೊನೆಗೆ ಬೆಂಕಿಗೆ ತೋರಿಸುತ್ತಾರೆ. ತೆಳ್ಳಗಿನ ಒಂದು ಹೋಳು ಸಾಕು, ಬಾಯಲ್ಲಿ ಕರಗುತ್ತದೆ.

ಹದ ಕೇಳಿ ಪಡೆಯುವ ಹಕ್ಕು ನಿಮ್ಮದು. ಒಳಗೆ ಕೆಂಪಿರಲಿ ಎಂದರೆ "ಮಾಲ್ ಪಸಾದಾ", ನಡುಹದಕ್ಕೆ "ಆವೊ ಪೊಂತು", ಪೂರ್ತಿ ಬೆಂದದ್ದಕ್ಕೆ "ಬೆಂ ಪಸಾದಾ". ಪಸಾದೋರ್ ಅದೇ ಸರಳಿನಲ್ಲಿ ಬೇರೆ ಕಡೆಯಿಂದ ಕೊಯ್ಯುತ್ತಾನೆ, ಇಲ್ಲವೇ ಬೇರೆ ಸರಳು ತರುತ್ತಾನೆ.

ಪಕ್ಕದ ಬಟ್ಟಲುಗಳು

ಪಾವ್ ಜಿ ಕೇಜು ಮರಗೆಣಸಿನ ಹಿಟ್ಟಿನ ಚೀಸ್ ಉಂಡೆ. ಬಿಸಿಯಿದ್ದಾಗ ಒಂದು ತಿನ್ನಿ. ನಾಲ್ಕು ತಿಂದರೆ ಊಟ ಅಲ್ಲಿಗೇ ಮುಗಿದಂತೆ. ಫರೋಫಾ ಎಂದರೆ ಹುರಿದ ಮರಗೆಣಸಿನ ಒರಟು ಪುಡಿ. ಬರಿದೇ ತಿಂದರೆ ಒಣ, ಮಾಂಸದ ತುಂಡನ್ನು ಅದರಲ್ಲಿ ಒತ್ತಿ ತಿಂದರೆ ಕೊಬ್ಬನ್ನು ಹೀರಿ ಗರಿಗರಿಯಾಗುತ್ತದೆ. ಈರುಳ್ಳಿ, ಟೊಮೆಟೊ, ದೊಣ್ಣೆಮೆಣಸಿನಕಾಯಿ ಸಣ್ಣಗೆ ಹೆಚ್ಚಿ ವಿನಿಗರ್‌ನಲ್ಲಿ ನೆನೆಸಿದ ವಿನಗ್ರೇಚಿಯ ಹುಳಿ ನಾಲಿಗೆಯ ಜಿಡ್ಡು ತೊಳೆಯುತ್ತದೆ. ಕರಿದ ಪೊಲೆಂಟಾ ಕಂಡರೆ 1875ರಿಂದ ಆ ದಕ್ಷಿಣ ರಾಜ್ಯಕ್ಕೆ ಬಂದು ನೆಲೆಸಿದ ಇಟಲಿಯ ರೈತರನ್ನು ನೆನೆಯಿರಿ. ಈ ಮೇಜಿಗೆ ಅದನ್ನು ತಂದವರು ಅವರು. ಕೊನೆಗೆ ಸಕ್ಕರೆ, ಚಕ್ಕೆಪುಡಿ ಸವರಿ ಸುಟ್ಟ ಅನಾನಸ್ ಸರಳೇರಿ ಬರುತ್ತದೆ. ಅದನ್ನು ನಡುವೆಯೂ ಒಮ್ಮೆ ಕೇಳಿ ತಿನ್ನಿ, ನಾಲಿಗೆ ಮತ್ತೆ ಹೊಸದಾಗುತ್ತದೆ.

ಬೇಡ ಎನ್ನಲು ಕಲಿಯಿರಿ

ಮೇಜಿನ ಮೇಲೆ ಎರಡು ಬಣ್ಣದ ಬಿಲ್ಲೆ ಇರುತ್ತದೆ. ಹಸಿರು ಮೇಲಿದ್ದರೆ ಬಡಿಸಿ, ಕೆಂಪು ಮೇಲಿದ್ದರೆ ಸದ್ಯಕ್ಕೆ ಸಾಕು. ಹೊಸಬರು ಇದನ್ನು ಊಟದುದ್ದಕ್ಕೂ ಹಸಿರಿಗೇ ಬಿಡುತ್ತಾರೆ. ತಟ್ಟೆಯಲ್ಲಿ ಐದು ಬಗೆ ಗುಡ್ಡೆ ಬೀಳುತ್ತದೆ, ಒಂದು ತಿನ್ನುವಷ್ಟರಲ್ಲಿ ನಾಲ್ಕು ಆರಿಹೋಗುತ್ತವೆ. ಆರಿದ ಪಿಕಾನ್ಯಾದ ಕೊಬ್ಬು ಹೆಪ್ಪುಗಟ್ಟುತ್ತದೆ, ಅದರ ಸೊಗಸು ಎರಡೇ ನಿಮಿಷದ್ದು. ನಮ್ಮ ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ: ಎಲೆಗೆ ಕೈ ಅಡ್ಡ ಹಿಡಿಯಲು ಬಾರದವರಿಗೆ ಕೊನೆಯ ಹೋಳಿಗೆಯ ರುಚಿ ದಕ್ಕುವುದಿಲ್ಲ. ತಟ್ಟೆಯಲ್ಲಿ ಒಮ್ಮೆಗೆ ಒಂದೇ ಹೋಳಿರಲಿ. ಅದು ಮುಗಿದ ಮೇಲೆ ಬಿಲ್ಲೆ ತಿರುಗಿಸಿ. ಬೇಕಾದ್ದು ಬರುತ್ತಿಲ್ಲ ಎನಿಸಿದರೆ ಹೆಸರು ಹಿಡಿದು ಕೇಳಿ. ಕೇಳಿದರೆ ಪಸಾದೋರ್‌ಗೂ ಸಂತೋಷ.

ದನದ ಮಾಂಸ ತಿನ್ನದವರಿಗೆ

ಕೂತ ತಕ್ಷಣ ಹೇಳಿಬಿಡಿ, ಸಂಕೋಚ ಬೇಡ. ಕೋಳಿ, ಕುರಿ, ಹಂದಿಯ ಸರಳುಗಳೂ ಬರುತ್ತಿರುತ್ತವೆ. ಆದರೆ ಬ್ರೆಜಿಲ್‌ನಲ್ಲಿ "ಕಾರ್ನಿ (ಮಾಂಸ) ತಿನ್ನುವುದಿಲ್ಲ" ಎಂದಷ್ಟೇ ಹೇಳಿದರೆ ಅದು ದನದ ಮಾಂಸಕ್ಕೆ ಮಾತ್ರ ಅನ್ವಯ ಎಂದುಕೊಂಡು ಕೋಳಿ ತಂದಿಡುವವರಿದ್ದಾರೆ. ಸಸ್ಯಾಹಾರಿಗಳು ಬಿಡಿಸಿ ಹೇಳಬೇಕು. ಹುರುಳಿಕಾಯಿ ಬೀಜದಂಥ ಕಾಳಿನ ಸಾರು, ಫರೋಫಾ, ಸೊಪ್ಪಿನ ಪಲ್ಯಗಳಲ್ಲೂ ಹಂದಿಯ ಬೇಕನ್ ಸೇರಿರುವುದುಂಟು, ವಿಚಾರಿಸಿಕೊಳ್ಳಿ. ಸುಟ್ಟ ಕೇಜು ಕೊವಾಲ್ಯು ಚೀಸ್, ತಾಳೆಯ ಎಳೆ ತಿರುಳು ಪಾಲ್ಮೀತು, ಕರಿದ ಬಾಳೆಹಣ್ಣು, ಸುಟ್ಟ ಅನಾನಸ್ ಇಷ್ಟರಲ್ಲೇ ಒಳ್ಳೆಯ ಊಟವಾಗುತ್ತದೆ. ಸರಳಿನ ಮಾಂಸ ಬೇಡ ಎನ್ನುವವರಿಗೆ ಹಲವು ಕಡೆ ಬೆಲೆಯೂ ಕಡಿಮೆ.

ಒಳ್ಳೆಯ ಮನೆಯ ಗುರುತು

ಸರಳು ಮೇಜಿಗೆ ಬರುವಾಗ ಕೊಬ್ಬು ಇನ್ನೂ ಚುರ್ರೆನ್ನುತ್ತಿರಬೇಕು. ಹೋಳು ತೆಳ್ಳಗಿರಬೇಕು. ದಪ್ಪ ದಪ್ಪ ಕೊಯ್ದು ತುಂಬುವವರು ನಿಮ್ಮನ್ನು ಬೇಗ ಎಬ್ಬಿಸುವ ಆತುರದಲ್ಲಿದ್ದಾರೆ ಎಂದೇ ತಿಳಿಯಿರಿ. ಕೊಯ್ದು ಮುಗಿದ ಸರಳು ಮತ್ತೆ ಒಲೆಗೆ ಹೋಗುತ್ತಿದೆಯೇ, ಅಥವಾ ಅದೇ ಆರಿದ ಸರಳು ಹತ್ತು ಮೇಜು ಸುತ್ತುತ್ತಿದೆಯೇ ನೋಡಿ. ಹೊಟ್ಟೆ ಹಸಿದಿರುವಾಗ ಹೋಗಿ, ಆದರೆ ಬೆಳಗಿನಿಂದ ಉಪವಾಸವಿದ್ದು ಹೋಗಬೇಡಿ. ಹಸಿವು ಮಿತಿಮೀರಿದರೆ ನಾಲಿಗೆಗೆ ವ್ಯತ್ಯಾಸ ತಿಳಿಯುವುದಿಲ್ಲ. ಮೊದಲ ಸಲ ಎಲ್ಲದರ ರುಚಿ ನೋಡಿದರೂ ಸರಿ. ಎರಡನೇ ಸಲ ಮೂರೇ ಕಟ್ ಆರಿಸಿಕೊಂಡು, ಒಂದೇ ಪಿಕಾನ್ಯಾವನ್ನು ಎರಡು ಹದದಲ್ಲಿ ಕೇಳಿ ತಿನ್ನಿ. ಯಾವ ಹದ ನಿಮ್ಮದು ಎಂದು ಗೊತ್ತಾದ ಮೇಲೆ ಯಾವ ಊರಿನ ಯಾವ ಶುರಸ್ಕಾರಿಯಾದಲ್ಲಿ ಕೂತರೂ ನಿಮ್ಮ ಊಟವನ್ನು ನೀವೇ ನಡೆಸಬಲ್ಲಿರಿ.